ಅಣ್ಣನ ಹೊಟ್ಟೆಗೆ ಹನ್ನೊಂದು ಕೇಳವಣ

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಪುಣೆಯ ಆ ದವಾಖಾನೆಯ ಗಡಿಯಾರ ನನ್ನ ಕಣ್ಣೆದುರಿನ ಗೋಡೆಯಲ್ಲೇ ಇತ್ತು. ಆದ್ದರಿಂದ ಸಮಯದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಆ ಹೊತ್ತಿಗೆ ಸರಿಯಾಗಿ ಡಾಕ್ಟರು ಕನ್ನಡಕ ತೆಗೆದು, "ಏನಾದರೂ ಕೇಳುವುದಿದೆಯೇ?" ಎಂದು ಮರಾಠಿಯಲ್ಲಿ ಕೇಳಿದರು. ನಾನು ಎದೆಯುಬ್ಬಿಸಿ, "ಏನೂ ಇಲ್ಲ ಸಾಹೇಬರೇ, ನಾನು ಬಿ.ಎಸ್ಸಿ." ಎಂದೆ.

ನಮ್ಮ ಮನೆಯ ಅನಾಹುತದ ಉದ್ಘಾಟನೆ ಆದದ್ದು ಹೀಗೆ. ರಿಬ್ಬನ್ ಕತ್ತರಿಸಿದವನು ನಾನೇ!

ಹೊಟ್ಟೆ ಮಾತ್ರ ನನ್ನದಲ್ಲ. ಅದು ನನ್ನ ಅಣ್ಣ ಈರಪ್ಪನದು. ಡಫಳಾಪುರದಲ್ಲಿ ಅವನದು ಕಾಳುಕಡಿಯ ಅಂಗಡಿ. ನಾನು ಹತ್ತು ವರ್ಷದವನಿದ್ದಾಗ ಅಪ್ಪ, ಅವ್ವ ಇಬ್ಬರೂ ಒಂದೇ ವರ್ಷದಲ್ಲಿ ಹೋದರು. ಅಣ್ಣ ಶಾಲೆ ಬಿಟ್ಟು ಅಂಗಡಿಯ ಗಾದಿಯ ಮೇಲೆ ಕುಳಿತ. ಅಕ್ಕನನ್ನು ಕರಜಗಿಗೆ ಕೊಟ್ಟು ಮದುವೆ ಮಾಡಿದ. ನನ್ನನ್ನು ಸಾಂಗಲಿಯ ಕಾಲೇಜಿಗೆ ಕಳಿಸಿ ಮಾಸ್ತರನನ್ನಾಗಿ ಮಾಡಿದ. ತನ್ನ ಮದುವೆಯ ವಿಷಯ ಬಂದಾಗಲೆಲ್ಲ "ಮುಂದಿನ ವರ್ಷ ನೋಡೂಣು" ಎನ್ನುತ್ತ ಎನ್ನುತ್ತ ಐವತ್ತು ದಾಟಿದ. ಕುಳಿತ ಗಾದಿಯಿಂದ ಏಳಲೇ ಇಲ್ಲ. ಗಾದಿ ಇದ್ದಷ್ಟೇ ಇತ್ತು, ಅಣ್ಣ ಬೆಳೆದ.

ನಮ್ಮ ತಾಲೂಕಿನ ಊರು ಜತ್ತದ ಡಾಕ್ಟರರ ತೂಕದ ಯಂತ್ರ ನೂರಾ ಇಪ್ಪತ್ತಕ್ಕೇ ಕೈಮುಗಿಯುತ್ತಿತ್ತು. ಹೀಗಾಗಿ ಅಂಗಡಿಯಲ್ಲಿ ಚೀಲ ತೂಗುವ ಕಾಟಾದ ಮೇಲೆಯೇ ಅಣ್ಣನನ್ನು ನಿಲ್ಲಿಸುತ್ತಿದ್ದೆವು. ಒಂದೂವರೆ ಕ್ವಿಂಟಲ್, ಮೇಲೆ ಎರಡು ಕಿಲೋ. "ಬಾರದಾನದ ತೂಕಾ ಕಳೀ ತಮ್ಮಾ," ಎಂದು ಅಣ್ಣ, ಖಾಲಿ ಚೀಲದ ತೂಕ ಕಳೆಯಲು ಹೇಳುವವನಂತೆ, ತನ್ನ ಧೋತರ ತೋರಿಸಿ ನಗುತ್ತಿದ್ದ.

ಪುಣೆಯ ಡಾಕ್ಟರು ನಗಲಿಲ್ಲ. ಅವರು ಹೇಳಿದ್ದು ಇಷ್ಟು. ಇವರಿಗೆ ಸಕ್ಕರೆ ಕಾಯಿಲೆ ವಿಪರೀತವಾಗಿದೆ. ಅದಕ್ಕಿಂತ ದೊಡ್ಡ ಮಾತು, ನಿದ್ದೆಯಲ್ಲಿ ಇವರ ಉಸಿರು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಒಂದು ದಿನ ಶುರುವಾಗದೇ ಹೋಗಬಹುದು. ತೂಕ ಇಳಿಯುವವರೆಗೆ ಮಲಗುವಾಗ ಮೂಗಿಗೆ ಹಚ್ಚಲು ಒಂದು ಗಾಳಿಯ ಯಂತ್ರ ಕೊಡುತ್ತೇನೆ. ತೂಕ ಇಳಿಸಲು ಆಪರೇಶನ್ ಮೂರು ಬಗೆ. ಜಠರದ ಮೇಲ್ಭಾಗಕ್ಕೆ ಪಟ್ಟಿ ಬಿಗಿಯುವುದು ಬ್ಯಾಂಡ್. ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಕೊಳವೆಯಂತೆ ಹೊಲಿಯುವುದು ಸ್ಲೀವ್. ಮೇಲೊಂದು ಸಣ್ಣ ಕಿಸೆಯಷ್ಟು ಜಠರ ಉಳಿಸಿ, ಅದನ್ನು ಮುಂದಿನ ಕರುಳಿಗೆ ಜೋಡಿಸುವುದು ಬೈಪಾಸ್. "ಎಲ್ಲವನ್ನೂ ಫೈಲಿನಲ್ಲಿ ಬರೆದಿದ್ದೇನೆ. ಓದಿ, ಮನೆಯಲ್ಲಿ ಮಾತಾಡಿ, ಎರಡು ತಿಂಗಳಿಗೆ ಬನ್ನಿ. ಕೊನೆಯ ಹದಿನೈದು ದಿನ ಬರೀ ದ್ರವ ಆಹಾರ."

ಇದರಲ್ಲಿ 'ಮನೆಯಲ್ಲಿ ಮಾತಾಡಿ' ಎಂಬ ಎರಡು ಶಬ್ದ ಮಾತ್ರ ನನ್ನ ತಲೆಯೊಳಗೆ ಹೊಕ್ಕವು.

ಫೈಲನ್ನು ನಾನು ಜೀವಕ್ಕಿಂತ ಹೆಚ್ಚಾಗಿ ಕಾಪಾಡಿದೆ. ಊರಿಗೆ ಬಂದವನೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಮೇಲೆ ವಿಭೂತಿ ಹಚ್ಚಿ, ಕಬ್ಬಿಣದ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ.

"ಅದರಾಗ ಏನ್ ಬರದಾರ್ರಿ?" ಎಂದಳು ಹೆಂಡತಿ ಕಸ್ತೂರಿ.

"ಅದು ಇಂಗ್ಲಿಷಿನ್ಯಾಗ ಐತಿ. ನಿನಗ ತಿಳಿಯೂದಿಲ್ಲ."

"ನಿಮಗ ತಿಳೀತೈತಲ್ಲ? ಓದ್ರಿ ಮತ್ತ."

"ಓದೂದೇನೈತಿ? ಡಾಕ್ಟರು ನನಗ ಬಾಯಿಲೇನ ಎಲ್ಲಾ ಹೇಳ್ಯಾರ!"

ಮುಂದಿನ ರವಿವಾರ ಅಂಗಡಿಯ ಕಟ್ಟೆಯ ಮೇಲೆ ಸಭೆ ಕರೆದೆ. ಕೌಟುಂಬಿಕ ನಿರ್ಧಾರವೆಂದರೆ ವೈಜ್ಞಾನಿಕವಾಗಿ, ಪ್ರಾತ್ಯಕ್ಷಿಕೆಯ ಮೂಲಕ ಆಗಬೇಕೆಂಬುದು ನನ್ನ ಸಿದ್ಧಾಂತ. ಪಕ್ಕದ ಅಂಗಡಿಯ ದರ್ಜಿ ದಸ್ತಗೀರ ಚಾಚಾ ಬಂದರು. ಬಾವಿಯ ಮೋಟಾರು, ಪೈಪು ರಿಪೇರಿ ಮಾಡುವ ಮಲ್ಲೇಶಿ ಬಂದ. ಅಣ್ಣ ಗಾದಿಯ ಮೇಲೆಯೇ ಇದ್ದ. ನಾನು ಅರ್ಧ ತುಂಬಿದ ಜೋಳದ ಚೀಲವೊಂದನ್ನು ನಡುವೆ ನಿಲ್ಲಿಸಿದೆ.

"ನೋಡ್ರಿ, ಇದು ಅಣ್ಣನ ಹೊಟ್ಟಿ," ಎಂದು ಪಾಠ ಶುರು ಮಾಡಿದೆ. ಚೀಲದ ಕುತ್ತಿಗೆಗೆ ಸುತಳಿ ಬಿಗಿದು, "ಇದು ಬ್ಯಾಂಡ್. ಬ್ಯಾಡಾತಂದ್ರ ಬಿಚ್ಚಬಹುದು," ಎಂದೆ.

ದಸ್ತಗೀರ ಚಾಚಾ ತಲೆ ಅಲ್ಲಾಡಿಸಿದರು. "ಅರೇ ಮಾಸ್ತರ, ಕಟ್ಟಿದ್ದು ಇವತ್ತಿಲ್ಲಾ ನಾಳೆ ಬಿಚ್ಚೇ ಬಿಚ್ಚತೈತಿ. ನಲವತ್ತು ವರ್ಷ ಆತು ನಾ ಮಶೀನ್ ತುಳ್ಯಾಕತ್ತು. ಅಂಗಿ ಅಗಲ ಆದ್ರ ಲಾಡಿ ಕಟ್ತಾರೇನು? ಕತ್ತರಿ ಹಾಕಿ, ಹೊಲಗಿ ಹಾಕಬೇಕು. ಆ ಎರಡನೇದ್ದ, ಸ್ಲೀವ್ ಮಾಡಸ್ರಿ. ಪಕ್ಕಾ ಕೆಲಸ!" ಅಷ್ಟಕ್ಕೇ ನಿಲ್ಲದೆ, ಕಿಸೆಯಿಂದ ಕತ್ತರಿ ತೆಗೆದು ಅಣ್ಣನ ಹೊಟ್ಟೆಯ ಬಲಭಾಗವನ್ನು ಕತ್ತರಿಸಿಯೇಬಿಟ್ಟರು.

"ಛೇ ಛೇ! ಚಲೋ ಮಾಲು ಯಾಕ ಕತ್ತರಸ್ತೀರಿ ಚಾಚಾ?" ಎಂದು ಮಲ್ಲೇಶಿ ಎದ್ದ. "ನೀರಿನ ಟಾಕಿ ಕೈಕೊಟ್ರ ನಾವು ಟಾಕಿ ಒಡೀತೀವೇನು? ಟಾಕಿ ಬಿಟ್ಟು ಮುಂದಿನ ಪೈಪಿಗೆ ಜೋಡಸ್ತೀವಿ. ಬೈಪಾಸ!"

"ಜೋಡಿಸಿದಲ್ಲಿ ಸೋರಿದ್ರ?" ಎಂದರು ಚಾಚಾ.

"ಸೊಲ್ಯೂಶನ್ ಹಚ್ಚೂದು!"

ಅವನು ಚೀಲದ ಕೆಳಗೆ ಒಂದು ತುಂಡು ಪೈಪು ತುರುಕಿದ. ನಾನು ಮಧ್ಯಸ್ಥಿಕೆ ವಹಿಸಿ, ದಬ್ಬಣದಿಂದ ಕತ್ತರಿಸಿದ ಕಡೆ ನಾಲ್ಕು ಹೊಲಿಗೆ ಹಾಕಿದೆ. ಹೀಗೆ ಜಗತ್ತಿನಲ್ಲೇ ಮೊದಲ ಬಾರಿಗೆ ಮೂರೂ ಆಪರೇಶನ್ನುಗಳು ಒಂದೇ ಹೊಟ್ಟೆಯ ಮೇಲೆ, ಕಾಲು ಗಂಟೆಯೊಳಗೆ, ಡಫಳಾಪುರದಲ್ಲಿ ನಡೆದವು! "ಈಗ ಅಣ್ಣ ಊಟಾ ಮಾಡಿದಾ ಅಂತ ತಿಳೀರಿ," ಎಂದು ಸುತಳಿ ಸಡಿಲಿಸಿ ಎರಡು ಸೇರು ಜೋಳ ಸುರಿದೆ.

ಚೀಲ ಪಕ್ಕದಿಂದ ಒಡೆಯಿತು. ಕೆಳಗಿನಿಂದಲೂ ಒಡೆಯಿತು. ಜೋಳ ಕಟ್ಟೆ ಇಳಿದು ರಸ್ತೆಗೆ ಹರಿಯಿತು. ಊರಿನ ಕೋಳಿಗಳೆಲ್ಲ ಬಂದವು.

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಣ್ಣನೂ ನಕ್ಕ. ಆದರೆ ಅವನು ನಮಗಿಂತ ಬಹಳ ಮೊದಲೇ ನಗು ನಿಲ್ಲಿಸಿದ. ಖಾಲಿ ಚೀಲವನ್ನೇ ನೋಡುತ್ತ ಕುಳಿತ. ಬಾಗಿಲಲ್ಲಿ ನಿಂತಿದ್ದ ಕಸ್ತೂರಿ ಅದನ್ನು ಗಮನಿಸಿದಳಂತೆ. ನಾನು ಕೋಳಿ ಓಡಿಸುತ್ತಿದ್ದೆ.

ಆಮೇಲೆ ಇಡೀ ಊರು ಮೂರು ಪಕ್ಷವಾಯಿತು. ಕಟಿಂಗ್ ಅಂಗಡಿಯಲ್ಲಿ ಬ್ಯಾಂಡಿನವರು, ಚಹಾದ ಅಂಗಡಿಯಲ್ಲಿ ಸ್ಲೀವಿನವರು, ಪಂಪಿನ ಅಂಗಡಿಯಲ್ಲಿ ಬೈಪಾಸಿನವರು. ನಾನು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಇನ್ನೊಂದು ಎಂದು ನಿರ್ಧರಿಸುತ್ತಿದ್ದೆ. ಗಾಳಿಯ ಯಂತ್ರ ಮನೆಯಲ್ಲಿತ್ತು ನಿಜ. ಆದರೆ ಲೋಡ್ ಶೆಡ್ಡಿಂಗಿನವರಿಗೆ ಅಣ್ಣನ ಮೂಗಿನ ಪರಿಚಯ ಇರಲಿಲ್ಲ. ಕರೆಂಟು ಹೋದೊಡನೆ ಯಂತ್ರ ನಿಲ್ಲುತ್ತಿತ್ತು, ಅಣ್ಣ ದಡಬಡಿಸಿ ಏಳುತ್ತಿದ್ದ. ಮತ್ತೆ ಮಲಗಲು ಹೆದರಿ ಗೋಡೆಗೆ ಒರಗಿ ಕೂಡುತ್ತಿದ್ದ.

ಅಷ್ಟರಲ್ಲಿ ಕರಜಗಿಯಿಂದ ಅಕ್ಕ ಬಂದಳು. ಬಂದವಳೇ ಅಣ್ಣನ ಮುಂದೆ ಕುಳಿತು ಕಣ್ಣಿಗೆ ಸೆರಗು ಹಚ್ಚಿದಳು.

"ಆಪರೇಶನ್ ಆದ ಮ್ಯಾಲ ನಮ್ಮಣ್ಣ ಏನ್ ತಿನಬೇಕೋ?"

"ಮೊದಲಿಗೆ ಒಂದೊಂದು ಚಮಚಾ ನೀರು. ಆಮ್ಯಾಲ ಸಣ್ಣ ವಾಟಗಾದಾಗ ಗಂಜಿ," ಎಂದು ನಾನು ತಜ್ಞನಂತೆ ಹೇಳಿದೆ.

"ಜಲ್ಮಪೂರ್ತಿ?"

"ಜಲ್ಮಪೂರ್ತಿ ಸ್ವಲ್ಪಸ್ವಲ್ಪನ."

"ಹಂಗಾರ ಅದಕ್ಕಿಂತ ಮೊದಲ ನಮ್ಮನ್ಯಾಗ ಒಂದು ಕೇಳವಣ ಆಗಬೇಕು!"

ಮದುವೆ ಗೊತ್ತಾದ ಹುಡುಗ, ಹುಡುಗಿಯರನ್ನು ನೆಂಟರು ಒಬ್ಬೊಬ್ಬರಾಗಿ ಮನೆಗೆ ಕರೆದು, ಹೋಳಿಗೆ ಮಾಡಿ ಉಣಿಸಿ, ಟಾವೆಲ್ ಟೋಪಿ ಕೊಟ್ಟು ಕಳಿಸುವುದಕ್ಕೆ ನಮ್ಮ ಕಡೆ ಕೇಳವಣ ಎನ್ನುತ್ತಾರೆ. ಮರಾಠಿಯವರ ಪದ್ಧತಿ, ನಮಗೂ ಅಂಟಿದೆ. ಹೊಟ್ಟೆ ಕತ್ತರಿಸಲು ಹೊರಟವನಿಗೆ ಕೇಳವಣ ಮಾಡಿದ್ದನ್ನು ನಾನು ಕೇಳಿರಲಿಲ್ಲ. ವಿರೋಧಿಸಲು ಬಾಯಿ ತೆರೆದೆ. ಅಕ್ಕ ನನ್ನ ಕಡೆ ತಿರುಗಿದಳು.

"ಯಾರ ಸಲುವಾಗಿ ಅಂವ ಮದುವಿ ಆಗಲಿಲ್ಲೋ? ಮದುವಿ ಆಗಲಿಲ್ಲ, ಕೇಳವಣಾನೂ ಆಗಲಿಲ್ಲ. ಇದರ ಆಗಲಿ ಬಿಡು!"

ತೆರೆದ ಬಾಯಿ ಹಾಗೆಯೇ ಮುಚ್ಚಿದೆ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಒಂದೇ ಊಟಕ್ಕೆ ಮುಗಿಯುತ್ತಿತ್ತೇನೋ. ಆದರೆ ನಾನು ಮಾಸ್ತರ. ಶಾಲೆಯ ಹಾಳೆಯ ಮೇಲೆ ಗೆರೆ ಹೊಡೆದು ಕೇಳವಣದ ವೇಳಾಪತ್ರಿಕೆ ಬರೆದು ಅಂಗಡಿಯ ಗೋಡೆಗೆ ಅಂಟಿಸಿದೆ. ಹೆಸರು ಹಾಳೆಯ ಮೇಲಿದ್ದವರು ಕರೆದರು. ಹೆಸರು ಇಲ್ಲದವರು ಜಗಳಕ್ಕೆ ಬಂದರು. "ಮಾಸ್ತರ, ನಾವೇನ್ ಈರಪ್ಪಣ್ಣಗ ಪರಕೀಯರೇನ್ರಿ?" ಎಂದರು. ನಾಲ್ಕು ಕೇಳವಣ ಹನ್ನೊಂದಾಯಿತು. ಹನ್ನೊಂದರ ಕಡೆಯ ಐದು, ಡಾಕ್ಟರು ಹೇಳಿದ ಹದಿನೈದು ದಿನದೊಳಗೆ ಬಿದ್ದವು.

"ಇನ್ನ ಬರೀ ಪಾತಳ ಪದಾರ್ಥ ಅಂದಿದ್ರಲ್ರಿ ಡಾಕ್ಟರು?" ಎಂದಳು ಕಸ್ತೂರಿ.

ಆಗ ನಾನು ನನ್ನ ವಿದ್ಯೆಯನ್ನೆಲ್ಲ ಬಳಸಿದೆ. ದ್ರವ ಎಂದರೇನು? ಪಾತ್ರೆಯ ಆಕಾರ ತಾಳುವಂಥದ್ದು. ಮಾವಿನ ಹಣ್ಣಿನ ಶೀಕರಣಿ ಪಾತ್ರೆಯ ಆಕಾರ ತಾಳುತ್ತದೆ. ಆದ್ದರಿಂದ ಅದು ದ್ರವ. ತುಪ್ಪ ಕಾಯಿಸಿದರೆ ದ್ರವ. ದಸ್ತಗೀರ ಚಾಚಾ ಅವರ ಮನೆಯಲ್ಲಿ ನಮಗಾಗಿಯೇ ಬೇರೆ ಪಾತ್ರೆಯಲ್ಲಿ ಮಾಡಿದ್ದ, ಹಾಲು, ಶಾವಿಗೆ, ಒಣ ಖರ್ಜೂರ ಹಾಕಿದ ಸುರಕುಂಬಾ ಸಹ ತಾತ್ತ್ವಿಕವಾಗಿ ದ್ರವ. ಹೋಳಿಗೆಯನ್ನು ಹಾಲಿನಲ್ಲಿ ಮುಳುಗಿಸಿದರೆ ಅದೂ ಸ್ವಲ್ಪ ಹೊತ್ತಿನಲ್ಲಿ ದ್ರವದ ಕಡೆಗೇ ಸಾಗುತ್ತದೆ!

ಅಣ್ಣ ಎಲ್ಲ ಮನೆಗೂ ಹೋದ. ಎಲ್ಲ ಕಡೆಯೂ ಉಂಡ. ಹೊರಡುವಾಗ ಆಯಾ ಮನೆಯ ಹಿರಿಯರ ಕೈಹಿಡಿದು, ಮಕ್ಕಳ ತಲೆ ಸವರಿ, ಬಹಳ ಹೊತ್ತು ನಿಲ್ಲುತ್ತಿದ್ದ. ಊಟದ ಸಂತೋಷ ಎಂದುಕೊಂಡೆ.

ಎರಡು ತಿಂಗಳು ತುಂಬಿದ ದಿನ ಜೀಪು ಮಾಡಿಕೊಂಡು ಪುಣೆಗೆ ಹೋದೆವು. ಅಣ್ಣ ಮುಂದೆ, ನಾನೂ ಕಸ್ತೂರಿಯೂ ಹಿಂದೆ. ಡಾಕ್ಟರು ತೂಕ ನೋಡಿದರು. ನೂರಾ ಅರವತ್ತೊಂದು. ಇನ್ನೊಮ್ಮೆ ನೋಡಿದರು. ಯಂತ್ರ ಸರಿಯಾಗಿಯೇ ಇತ್ತು. ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ನಂತರ ನನ್ನನ್ನೂ ಕಸ್ತೂರಿಯನ್ನೂ ಒಳಗೆ ಕರೆದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಯಕೃತ್ತು ಊದಿ ಜಠರವನ್ನು ಮುಚ್ಚಿಬಿಟ್ಟಿದೆ. ಈಗ ಕೈಹಾಕಿದರೆ ಟೇಬಲ್ಲಿನ ಮೇಲೆಯೇ ಜೀವ ಹೋಗುತ್ತದೆ. ಏನು ಕೊಟ್ಟಿರಿ ಇವರಿಗೆ?"

"ದ್ರವ," ಎಂದೆ.

ಕಸ್ತೂರಿ ನೆಲ ನೋಡಿದಳು. ಡಾಕ್ಟರು ಸ್ಕ್ಯಾನಿನ ಹಾಳೆ ಬದಿಗಿಟ್ಟು, "ಯಾವ ಆಪರೇಶನ್ ಅಂತ ನಿಶ್ಚಯ ಮಾಡಿದಿರಿ?" ಎಂದರು. ಊರಲ್ಲಿ ಮೂರು ಪಕ್ಷ ಆದದ್ದನ್ನೂ ಚೀಲದ ಪ್ರಯೋಗವನ್ನೂ ನಾನು ಸಂಕ್ಷಿಪ್ತವಾಗಿ ವಿವರಿಸಿದೆ. ಅವರು ನನ್ನ ಕೈಯಲ್ಲಿದ್ದ ಫೈಲು ತೆಗೆದುಕೊಂಡು, ಪ್ಲಾಸ್ಟಿಕ್ ಬಿಚ್ಚಿ, ವಿಭೂತಿ ಒರೆಸಿ, ಎರಡನೆಯ ಪುಟ ತೆರೆದು ನನ್ನ ಮುಂದೆ ಹಿಡಿದರು. ಅಲ್ಲಿ ಅವರದೇ ಕೈಬರಹದಲ್ಲಿ, ಕೆಳಗೆ ಎರಡು ಗೆರೆ ಎಳೆದು, ಸಕ್ಕರೆ ಕಾಯಿಲೆ ಇರುವುದರಿಂದ ಇವರಿಗೆ ಬೈಪಾಸೇ ಸೂಕ್ತ ಎಂದು ಬರೆದಿತ್ತು. ಅದರ ಕೆಳಗೆ, ಈ ಬಗ್ಗೆ ಸಂಶಯವಿದ್ದರೆ ಇಂದೇ ಕೇಳಿ ಎಂದೂ ಇತ್ತು.

ಎರಡು ತಿಂಗಳು ನಾನು ಕೀಲಿ ಹಾಕಿ ಕಾಯ್ದದ್ದು ಉತ್ತರವನ್ನೇ.

ಒಂದು ತಿಂಗಳು ಕಟ್ಟುನಿಟ್ಟಾಗಿ ಪಥ್ಯ ಮಾಡಿಸಿ ಕರೆತನ್ನಿ ಎಂದು ಕಳಿಸಿದರು. ಆ ರಾತ್ರಿ ಅಲ್ಲೇ ಉಳಿದು, ಮರುದಿನ ಸಾಂಗೋಲೆಯ ಮೇಲಿಂದ ಊರ ಕಡೆ ಹೊರಟೆವು. ದಾರಿಯುದ್ದಕ್ಕೂ ನಾನು ಕಸ್ತೂರಿಗೆ ನನ್ನ ತಪ್ಪು ಎಷ್ಟು ಸಣ್ಣದು ಎಂಬುದನ್ನು ವಿವರಿಸುತ್ತಿದ್ದೆ. ಮುಂದಿನ ಸೀಟಿನಲ್ಲಿ ಅಣ್ಣ ನಿದ್ದೆ ಹೋಗಿ, ಜೀಪಿನ ಸದ್ದನ್ನೂ ಮುಳುಗಿಸುವಂತೆ ಗೊರಕೆ ಹೊಡೆಯುತ್ತಿದ್ದ. ಜತ್ತದ ಹಾದಿಯ ಶೇಗಾಂವ ಇನ್ನೇನು ಬರಬೇಕು, ಮಧ್ಯಾಹ್ನ ನಾಲ್ಕರ ಬಿಸಿಲು. ಕಸ್ತೂರಿ ನನ್ನ ಕೈ ಹಿಡಿದಳು.

"ಸುಮ್ಮನಾಗ್ರಿ. ಭಾವಾರ ಸಪ್ಪಳ ಬಂದ್ ಆಗೇತಿ."

ಜೀಪು ನಿಂತಿತು. ಅಣ್ಣನ ಗದ್ದ ಎದೆಗೆ ಬಿದ್ದಿತ್ತು. ತುಟಿ ನೇರಳೆ ಹಣ್ಣಿನ ಬಣ್ಣವಾಗಿತ್ತು. ಎದೆ ಏಳಲು ಒದ್ದಾಡುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. "ಅಣ್ಣಾ! ಅಣ್ಣಾ!" ಎಂದು ಅಲುಗಿಸಿದೆ. ನೂರಾ ಅರವತ್ತೊಂದು ಕಿಲೋ ಅಲುಗಲಿಲ್ಲ. ಆಗ ನನ್ನಲ್ಲಿದ್ದ ವಿಜ್ಞಾನಿ ಮತ್ತೊಮ್ಮೆ ಎದ್ದ. "ಅಡ್ಡ ಮಲಗಸ್ರಿ! ಬೆನ್ನಿನ ಮ್ಯಾಲ ಮಲಗಸ್ರಿ!" ಎಂದು ಕೂಗುತ್ತ, ಡ್ರೈವರನ ಜೊತೆ ಸೇರಿ ಅವನನ್ನು ಸೀಟಿನ ಮೇಲೆ ಅಂಗಾತ ಕೆಡವಲು ಎಳೆಯತೊಡಗಿದೆ. ಇದ್ದಬದ್ದ ಉಸಿರೂ ಗಟಕ್ಕೆಂದು ನಿಂತಿತು.

"ಕೈ ಬಿಡ್ರಿ!" ಕಸ್ತೂರಿ ನನ್ನನ್ನು ದೂಡಿದಳು. ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ಅವಳು ನನ್ನನ್ನು ದೂಡಿದ್ದು ಅದೇ ಮೊದಲು. "ಮಲಗಸಬ್ಯಾಡ್ರಿ, ಕುಂದ್ರಸ್ರಿ! ಬೆನ್ನ ಹಿಂದ ಹೋಗಿ ಎತ್ತಿ ಹಿಡೀರಿ!" ಅವನನ್ನು ನೆಟ್ಟಗೆ ಕೂರಿಸಿ, ತಾನು ಮುಂದೆ ನಿಂತು ಗದ್ದವನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ, "ಭಾವಾರೇ! ಉಸರ ತಗೋರಿ! ಭಾವಾರೇ!" ಎಂದು ಮುಖಕ್ಕೆ ಮುಖವಿಟ್ಟು ಕೂಗಿದಳು. ಭಾವನೆದುರು ಸೆರಗು ಜಾರಿಸದ ಹೆಂಗಸು.

ಎಷ್ಟು ಹೊತ್ತೋ ಗೊತ್ತಿಲ್ಲ. ನಾನು ಗಡಿಯಾರ ನೋಡಲಿಲ್ಲ. ಬಾವಿಯ ಪಂಪು ಗಾಳಿ ಎಳೆದಂತೆ ಒಂದು ಸದ್ದಾಯಿತು. ಅಣ್ಣನ ಎದೆ ಎದ್ದಿತು.

ಆ ಸದ್ದು ಈ ಹೊತ್ತಿಗೂ ಕಿವಿಯಲ್ಲಿದೆ. ತರಗತಿಯಲ್ಲಿ ಪಾಠ ಹೇಳುವಾಗ, ಸೈಕಲ್ಲಿಗೆ ಗಾಳಿ ಹೊಡೆಯುವಾಗ, ನಡುವೆ ನಾನು ಸುಮ್ಮನೆ ನಿಂತುಬಿಡುತ್ತೇನೆ. ಅಣ್ಣನನ್ನು ಅಂಗಾತ ಎಳೆದ ನನ್ನ ಎರಡು ಕೈಗಳನ್ನು ನೋಡಿಕೊಳ್ಳುತ್ತೇನೆ.

ಜತ್ತದ ದವಾಖಾನೆಯಲ್ಲಿ ಆಮ್ಲಜನಕ ಹಚ್ಚಿದರು. ಸಂಜೆ ಅಣ್ಣ ಕಣ್ಣು ತೆರೆದು ನನ್ನನ್ನು ನೋಡಿದ.

"ನಾ ಸತ್ತಿದ್ನೇನೋ?"

"ಇಲ್ಲಣ್ಣಾ. ಆದ್ರ ನಾ ಪ್ರಯತ್ನಾ ಮಾಡಿದ್ದೆ."

ಅವನಿಗೆ ನಗು ಬಂತು, ಕೆಮ್ಮು ಬಂತು. ಆಮೇಲೆ ನಿಧಾನವಾಗಿ ಹೇಳಿದ. "ಎರಡು ತಿಂಗಳಾತು ತಮ್ಮಾ. ಊರಾಗಿನ ಮಂದಿಯೆಲ್ಲಾ ಕೂಡಿ ನನ್ನ ಹೊಟ್ಟಿ ಕೊಯ್ದ್ರಿ, ಕಟ್ಟಿದ್ರಿ, ಹೊಲದ್ರಿ. ನಿನಗ ಹೆಂಗ ಅನಸ್ತೈತಿ ಅಂತ ನನಗ ಒಬ್ಬರಾದ್ರೂ ಕೇಳಿದ್ರೇನು?"

ನಾನು ಕೇಳಿರಲಿಲ್ಲ. ಒಮ್ಮೆಯೂ.

"ಆ ಚೀಲಾ ಒಡದ ದಿನಾನ ಅನಕೊಂಡೆ, ನಾ ಟೇಬಲ್ ಮ್ಯಾಲಿಂದ ಎದ್ದು ಬರೂದಿಲ್ಲಾ ಅಂತ. ಕೇಳವಣಾ ಅಂತ ಊಟಕ್ಕ ಹೋಗಿದ್ದಿಲ್ಲೋ. ಎಲ್ಲಾರಿಗೂ ಕಡೀ ಸಲಾ ಭೇಟಿ ಆಗಿ ಬರೂಣು ಅಂತ ಹೋಗಿದ್ದೆ. ಹಸಿವಿರಲಿಲ್ಲ. ಅವರಿಗೆ ಕೆಟ್ಟ ಅನಿಸಬಾರದು ಅಂತ ಉಂಡೆ."

ಹನ್ನೊಂದು ಮನೆಯ ವೇಳಾಪತ್ರಿಕೆಯನ್ನು ನಾನು ಕೆಂಪು ಮಸಿಯಲ್ಲಿ ಬರೆದಿದ್ದೆ. ಅವನು ವಿದಾಯ ಹೇಳಬೇಕಾದ ಮನೆಗಳ ಪಟ್ಟಿಯನ್ನು ದಿನಾಂಕದ ಸಹಿತ ಅವನ ತಲೆಯ ಮೇಲೆಯೇ ಅಂಟಿಸಿದ್ದೆ.

"ಈಗ ಏನ್ ಮಾಡೂಣಣ್ಣಾ?" ಎಂದು ಕೇಳಿದೆ. ಬದುಕಿನಲ್ಲಿ ಮೊದಲ ಬಾರಿಗೆ ಅವನ ಉತ್ತರಕ್ಕಾಗಿ ಕಾಯ್ದೆ.

"ಡಾಕ್ಟರು ಬರದದ್ದು ಮಾಡೂಣು. ಆದ್ರ ಅದು ಹೆಂಗ ಮಾಡ್ತಾರ ಅನ್ನೂದು ನನಗ ಅವರ ಬಾಯಿಲೇ ತಿಳಸಬೇಕು. ನೀ ನಡಕ ಬಾಯಿ ಹಾಕಬ್ಯಾಡ."

ಮುಂದಿನ ಒಂದು ತಿಂಗಳು ಅಡುಗೆಮನೆಯ ಅಧಿಕಾರವೆಲ್ಲ ಕಸ್ತೂರಿಯದು. ಬಾಗಿಲಿಗೆ ಬಂದ ಹನ್ನೆರಡನೆಯ ಕೇಳವಣದವರನ್ನು ಅವಳು ಹೊಸ್ತಿಲಿನ ಹೊರಗೇ ನಿಲ್ಲಿಸಿ ನೀರು ಕೊಟ್ಟು ಕಳಿಸಿದಳು. ನನಗೆ ದ್ರವದ ವ್ಯಾಖ್ಯಾನ ಮಾಡುವುದಕ್ಕೆ ನಿಷೇಧವಿತ್ತು. ತೂಕ ಇಳಿಯಿತು, ಯಕೃತ್ತಿನ ಊತವೂ ಇಳಿಯಿತು. ಪುಣೆಯಲ್ಲಿ ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ಅಣ್ಣನಿಗೆ ಅರ್ಧ ಗಂಟೆ ತಿಳಿಸಿದರು. ಅಣ್ಣ ಏಳು ಪ್ರಶ್ನೆ ಕೇಳಿದ. ನಾನು ಎರಡು ತಿಂಗಳಲ್ಲಿ ಯೋಚಿಸದ ಏಳು. ಬೈಪಾಸ್ ಆಯಿತು. ಅಣ್ಣ ಟೇಬಲ್ಲಿನ ಮೇಲಿಂದ ಎದ್ದು ಬಂದ.

ಇಲ್ಲಿಗೆ ಕತೆ ಮುಗಿದು ನಾವೆಲ್ಲ ಸುಖವಾಗಿ ಮಲಗಬೇಕಿತ್ತು. ಮಲಗಿದ್ದು ಅಣ್ಣ ಒಬ್ಬನೇ! ತೂಕ ಇಳಿಯುತ್ತ ಹೋದಂತೆ ಅವನ ಗೊರಕೆ ಕ್ಷೀಣಿಸಿತು. ಒಂದು ದಿನ ಪೂರ್ತಿ ನಿಂತೇಹೋಯಿತು. ಸಪ್ಪಳವಿಲ್ಲದ ಅಣ್ಣನನ್ನು ನಂಬುವುದು ಹೇಗೆ? ನಾನು ತಾಸಿಗೊಮ್ಮೆ ಎದ್ದು, ಬ್ಯಾಟರಿ ಹಿಡಿದು, ಅವನ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದೆ. ಅವನು ಕಣ್ಣು ಮುಚ್ಚಿಕೊಂಡೇ, "ಇನ್ನೂ ಅದೀನೋ. ಹೋಗಿ ಬೀಳ ಹೋಗು," ಎನ್ನುತ್ತಿದ್ದ. ಕಸ್ತೂರಿ ಎಚ್ಚರವಾಗಿಯೇ ಇದ್ದು, "ಏನಂದ್ರು?" ಎಂದು ಕೇಳುತ್ತಿದ್ದಳು. ಹೀಗೆ ಅರವತ್ತೊಂದು ರಾತ್ರಿ. ಶಾಲೆಯಲ್ಲಿ ನಾನು ಖುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದೆ. ಹುಡುಗರು ಪಾಪ, ಸದ್ದು ಮಾಡದೆ ಹೊರಗೆ ಹೋಗಿ ಆಡುತ್ತಿದ್ದರು.

ಅಂದು ಗುರುವಾರ. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲಿತ್ತು. ಪಕ್ಕದಲ್ಲಿ ಕಸ್ತೂರಿ ಇನ್ನೂ ಗಾಢ ನಿದ್ದೆಯಲ್ಲಿದ್ದಳು. ರಾತ್ರಿಯಿಡೀ ಒಮ್ಮೆಯೂ ನಾವಿಬ್ಬರೂ ಎದ್ದಿಲ್ಲ! ಲುಂಗಿ ಸುತ್ತಿಕೊಳ್ಳುತ್ತ ಓಡಿದೆ. ಅಣ್ಣನ ಹಾಸಿಗೆ ಖಾಲಿ. ಪಡಸಾಲೆ ಖಾಲಿ. ಹೊರಗೆ ಕಟ್ಟೆಯ ಮೇಲೆ ಅಣ್ಣ ಸಣ್ಣ ವಾಟಗಾದಲ್ಲಿ ಮಜ್ಜಿಗೆ ಹಿಡಿದು, ಚಮಚದಿಂದ ಒಂದೊಂದೇ ಗುಟುಕು ಕುಡಿಯುತ್ತ ಕುಳಿತಿದ್ದ.

"ರಾತ್ರಿ ನಾ ಎದ್ದ ಇಲ್ಲಣ್ಣಾ!" ಎಂದೆ ಏದುಸಿರು ಬಿಡುತ್ತ.

"ಹೌದು. ನಾನ ಎರಡು ಸಲ ಬಂದು ನೋಡಿದೆ," ಎಂದ ಅಣ್ಣ. "ಇಬ್ಬರೂ ಜೀವಂತ ಇದ್ರಿ."

ನಾನು ಎದ್ದೆದ್ದು ಕಾಯ್ದದ್ದರಿಂದಲೇ ಅವನು ಉಸಿರಾಡುತ್ತಿದ್ದಾನೆ ಎಂದುಕೊಂಡಿದ್ದೆ. ಆ ರಾತ್ರಿ ನಾನು ಕೊರಡಿನಂತೆ ಬಿದ್ದುಕೊಂಡಿದ್ದೆ. ಅಣ್ಣ, ಯಾರ ಮಾರ್ಗದರ್ಶನವೂ ಇಲ್ಲದೆ, ಬೆಳಗಿನವರೆಗೂ ಉಸಿರಾಡಿದ್ದ.